ಕಾಯಿ ನಡೆಸುವವರೂ ಸಭೆ ನಡೆಸುವವರೂ

ಚದುರಂಗ ಎಂದರೆ ನಮ್ಮಲ್ಲಿ ಅನೇಕರಿಗೆ ರಾಜ, ಮಂತ್ರಿ, ಆನೆ, ಒಂಟೆ, ಕುದುರೆ, ಕಾಲಾಳುಗಳು ಕಣ್ಣಮುಂದೆ ಬರುತ್ತವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಪಟದ ಅರವತ್ತನಾಲ್ಕು ಮನೆಗಳಲ್ಲೂ ಒಂದೊಂದೇ ಸಲ ಕುದುರೆಯನ್ನು ಓಡಿಸುವ ಬಂಧಗಳನ್ನು ರಚಿಸಿದ್ದರೆಂದು ತಿಳಿದವರಿಗೆ, ಇದು ನಮ್ಮದೇ ಆಟ ಎಂಬ ಹೆಮ್ಮೆಯೂ ಉಂಟು. ಆದರೆ ಈ ಆಟವನ್ನು ಲೋಕವೆಲ್ಲ ಒಂದೇ ನಿಯಮದಲ್ಲಿ ಆಡುವಂತೆ ನೋಡಿಕೊಳ್ಳಲು ಒಂದು ಸಂಸ್ಥೆ ಇದೆ, ಅದಕ್ಕೆ ಅಧ್ಯಕ್ಷರಿದ್ದಾರೆ, ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ ನಡೆಯುತ್ತದೆ ಎಂಬುದು ನಮ್ಮ ಗಮನಕ್ಕೆ ಬರುವುದು ಅಪರೂಪ. ಅಂಥ ಒಂದು ಚುನಾವಣೆ 2022ರ ಆಗಸ್ಟ್ 7ರಂದು ನಮಗೆ ತೀರ ಹತ್ತಿರದಲ್ಲೇ, ಚೆನ್ನೈಯಲ್ಲಿ ನಡೆಯಿತು.

ಹತ್ತಿರ ಎಂದೆ. ಬಂಗಾರಪೇಟೆ ಜಂಕ್ಷನ್ನಿನ ಪ್ಲಾಟ್‌ಫಾರಂ ಮೇಲೆ ನಿಂತವರಿಗೆ ಚೆನ್ನೈ ಗಾಡಿ ಹೊಸದಲ್ಲ. ನಮ್ಮ ಕೆ.ಜಿ.ಎಫ್.ನಲ್ಲಿ ಬಹಳ ಮನೆಗಳಿಗೆ ಆ ಕಡೆ ನೆಂಟಸ್ತಿಕೆಯೂ ಇದೆ. ಆ ವರ್ಷ ಮಾಮಲ್ಲಪುರದಲ್ಲಿ ಚೆಸ್ ಒಲಿಂಪಿಯಾಡ್ ನಡೆದಾಗ, ಪಂಚೆಯುಟ್ಟ ಕುದುರೆ 'ತಂಬಿ'ಯ ಚಿತ್ರ ಮನೆಮನೆಯ ಮಾತಾಯಿತು. ಚೆನ್ನೈಯ ನೇಪಿಯರ್ ಸೇತುವೆಗೆ ಕಪ್ಪು ಬಿಳುಪು ಚೌಕಗಳ ಬಣ್ಣ ಬಳಿದಿದ್ದನ್ನು ಟಿ.ವಿ.ಯಲ್ಲಿ ನೋಡಿ ನಮ್ಮ ಶಾಲೆಯ ಮಕ್ಕಳು, 'ಮಿಸ್, ಅದರ ಮೇಲೆ ಆಡಬಹುದಾ?' ಎಂದು ಕೇಳಿದರು. ಆಟದ ಸಡಗರದ ನಡುವೆಯೇ ಆಟದ ಸಂಸ್ಥೆಯ ಚುನಾವಣೆಯೂ ಬಂದದ್ದರಿಂದ, ಸ್ಟಾಫ್ ರೂಮಿನಲ್ಲಿ ನಮಗೊಂದು ವಾದದ ವಿಷಯ ಸಿಕ್ಕಿತು. ಯಾರನ್ನು ಬೆಂಬಲಿಸಬೇಕು? ನಮಗೆ ಮತವಿಲ್ಲ, ನಿಜ. ಆದರೂ ಮತವಿಲ್ಲದವರು ಯೋಚನೆ ಮಾಡಬಾರದೆಂದು ಯಾರೂ ಹೇಳಿಲ್ಲವಲ್ಲ.

ಸ್ಪರ್ಧೆಯ ಚಿತ್ರ ಹೀಗಿತ್ತು. ಒಂದು ಕಡೆ ಅಧ್ಯಕ್ಷ ಸ್ಥಾನದಲ್ಲಿದ್ದ ರಷ್ಯಾದ ಅರ್ಕಾಡಿ ದ್ವೊರ್ಕೊವಿಚ್. ಅವರ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಮ್ಮ ವಿಶ್ವನಾಥನ್ ಆನಂದ್. ಇನ್ನೊಂದು ಕಡೆ ಉಕ್ರೇನಿನ ಗ್ರ್ಯಾಂಡ್‌ಮಾಸ್ಟರ್ ಆಂದ್ರಿ ಬರಿಷ್ಪೊಲೆಟ್ಸ್. ಅವರ ಜೊತೆ ಡೆನ್ಮಾರ್ಕಿನ ಪೀಟರ್ ಹೈನೆ ನೀಲ್ಸನ್. ಆನಂದ್ ವಿಶ್ವ ಚಾಂಪಿಯನ್ ಆಗಿದ್ದ ವರ್ಷಗಳಲ್ಲಿ ಅವರ ಬಲಗೈಯಾಗಿ ಕೂತು ನಡೆಗಳನ್ನು ಸಿದ್ಧಮಾಡಿಕೊಡುತ್ತಿದ್ದವರು ಇದೇ ನೀಲ್ಸನ್. ಕಣದಲ್ಲಿದ್ದ ಇನ್ನಿಬ್ಬರು ಮತದಾನಕ್ಕೆ ಮುನ್ನವೇ ಹಿಂದೆ ಸರಿದರು. ಉಕ್ರೇನಿನ ಮೇಲೆ ರಷ್ಯಾ ದಂಡೆತ್ತಿ ಹೋಗಿ ಆಗ ಆರು ತಿಂಗಳೂ ಆಗಿರಲಿಲ್ಲ. ಆ ಯುದ್ಧದ ಕಾರಣದಿಂದಲೇ ಒಲಿಂಪಿಯಾಡ್ ರಷ್ಯಾದಿಂದ ತಪ್ಪಿ ಚೆನ್ನೈಗೆ ಬಂದಿತ್ತು.

ನಮ್ಮಲ್ಲಿ ಹೆಚ್ಚಿನವರ ತೀರ್ಪು ಕ್ಷಣಮಾತ್ರದಲ್ಲಿ ಆಗಿಹೋಯಿತು. 'ಆನಂದ್ ನಮ್ಮವರು, ಇನ್ನೇನು ಯೋಚನೆ?' ಎಂದರು ನಮ್ಮ ಗಣಿತದ ಮೇಡಂ. ಆನಂದ್ 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದಾಗ ನಾವೆಲ್ಲ ಕಾಲೇಜು ವಯಸ್ಸಿನವರು. ಅವರ ಮೇಲಿನ ಪ್ರೀತಿಯಲ್ಲಿ ನಾನೂ ಯಾರಿಗೂ ಕಡಿಮೆಯವಳಲ್ಲ. ಆದರೂ 'ನಮ್ಮವರು' ಎಂಬ ಒಂದೇ ಮಾತು ಸಾಕೇ ಎಂದು ನನಗೆ ಅನ್ನಿಸಿತು. ಆ ಸಂಸ್ಥೆಯ ಹಿಂದಿನ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಿದರೆ ಈ ಪ್ರಶ್ನೆಗೆ ಬೆಳಕು ಸಿಗುತ್ತದೆ.

ವಿಶ್ವ ಚೆಸ್ ಸಂಸ್ಥೆ, ಅಂದರೆ ಫಿಡೆ, ಹುಟ್ಟಿದ್ದು 1924ರ ಜುಲೈ 20ರಂದು ಪ್ಯಾರಿಸ್ಸಿನಲ್ಲಿ. ಲ್ಯಾಟಿನ್ ಭಾಷೆಯಲ್ಲಿರುವ ಅದರ ಧ್ಯೇಯವಾಕ್ಯದ ಅರ್ಥ, ನಾವೆಲ್ಲ ಒಂದೇ ಕುಲ ಎಂದು. ಅಲ್ಲಿ ದೇಶಕ್ಕೊಂದು ಮತ. ನೂರಾರು ಗ್ರ್ಯಾಂಡ್‌ಮಾಸ್ಟರುಗಳಿರುವ ರಷ್ಯಾಕ್ಕೂ ಒಂದು, ಬೆರಳೆಣಿಕೆಯ ಆಟಗಾರರಿರುವ ಪುಟ್ಟ ದ್ವೀಪಕ್ಕೂ ಒಂದು. ಆ ಮತವನ್ನು ಹಾಕುವವರು ಆಟಗಾರರಲ್ಲ, ಆಯಾ ದೇಶದ ಸಂಸ್ಥೆ ಕಳುಹಿಸುವ ಪ್ರತಿನಿಧಿ. ಕಾಯಿ ನಡೆಸುವವರು ಬೇರೆ, ಸಭೆ ನಡೆಸುವವರು ಬೇರೆ. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ಉಳಿದದ್ದೆಲ್ಲ ಅರ್ಥವಾಗುತ್ತದೆ.

1970ರಿಂದ 1978ರವರೆಗೆ ಅಧ್ಯಕ್ಷರಾಗಿದ್ದವರು ಹಾಲೆಂಡಿನ ಮ್ಯಾಕ್ಸ್ ಯೂವೆ. 1935ರಲ್ಲಿ ಅಲೆಖಿನ್‌ರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದವರು. ನನಗೆ ಅವರ ಮೇಲೆ ವಿಶೇಷ ಅಭಿಮಾನ, ಏಕೆಂದರೆ ಅವರು ವೃತ್ತಿಯಿಂದ ಮೇಷ್ಟರು. ಆಮ್‌ಸ್ಟರ್‌ಡ್ಯಾಮಿನಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸಿದವರು. ಅವರ ಕಾಲದಲ್ಲಿ ನಮ್ಮ ದೇಶದ್ದೇ ಒಂದು ಪ್ರಕರಣ ಅವರ ಮುಂದೆ ಹೋಯಿತು. ಭಾರತದಲ್ಲಿ ಮಹಿಳೆಯರ ಮೊದಲ ರಾಷ್ಟ್ರೀಯ ಚೆಸ್ ಸ್ಪರ್ಧೆ ನಡೆದದ್ದು 1974ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಗೆದ್ದವರು ಮುಂಬಯಿಯ ವಾಸಂತಿ ಖಾಡಿಲ್ಕರ್. ಅವರ ತಂಗಿ ರೋಹಿಣಿ 1976ರಲ್ಲಿ ಗಂಡಸರ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನಲ್ಲಿ ಆಡಲು ಕೂತಳು. ಆಗ ಅವಳಿಗೆ ಹದಿಮೂರು ವರ್ಷ. ಗಂಡಸರ ನಡುವೆ ಹುಡುಗಿ ಆಡುವುದೆಂತು ಎಂದು ದೊಡ್ಡ ಗಲಾಟೆಯೆದ್ದು ಮಾತು ಹೈಕೋರ್ಟಿನ ತನಕ ಹೋಯಿತು. ಕೊನೆಗೆ ಯೂವೆ ಸ್ಪಷ್ಟವಾಗಿ ತೀರ್ಪು ಕೊಟ್ಟರು: ಹೆಂಗಸು ಎಂಬ ಕಾರಣಕ್ಕೆ ಯಾರನ್ನೂ ರಾಷ್ಟ್ರೀಯ, ಅಂತರರಾಷ್ಟ್ರೀಯ ಚಾಂಪಿಯನ್‌ಷಿಪ್ಪುಗಳಿಂದ ಹೊರಗಿಡುವಂತಿಲ್ಲ. ಆ ಹದಿಮೂರರ ಹುಡುಗಿಗೆ ಫಿಡೆಯಲ್ಲಿ ಮತವಿರಲಿಲ್ಲ. ಅವಳಿಂದ ಯೂವೆಗೆ ಆಗಬೇಕಾದ್ದೂ ಏನಿರಲಿಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಪ್ರಕರಣ ಇಡುತ್ತೇನೆ. 1982ರಲ್ಲಿ ಫಿಲಿಪ್ಪೀನ್ಸಿನ ಕ್ಯಾಂಪೊಮನೆಸ್ ಅಧ್ಯಕ್ಷರಾದರು. ಯೂರೋಪಿನ ಶ್ರೀಮಂತ ದೇಶಗಳೇ ಎಲ್ಲವನ್ನೂ ನಿರ್ಧರಿಸುತ್ತಿವೆ, ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದವರನ್ನು ಕೇಳುವವರಿಲ್ಲ ಎಂಬ ಅಸಮಾಧಾನವೇ ಅವರಿಗೆ ಬಲವಾಯಿತು. ಆ ಅಸಮಾಧಾನದಲ್ಲಿ ನ್ಯಾಯವಿತ್ತು. ಆದರೆ ಅವರ ಕಾಲದಲ್ಲೇ, 1986ರಲ್ಲಿ, ಫಿಡೆ ಒಂದು ವಿಚಿತ್ರ ನಿರ್ಣಯ ಮಾಡಿತು. ಹೆಂಗಸರು ತಮ್ಮತಮ್ಮಲ್ಲೇ ಆಡುವುದರಿಂದ ಅವರ ರೇಟಿಂಗ್ ಕಡಿಮೆಯಾಗಿ ಕಾಣುತ್ತದೆಂದು, ಆಡುತ್ತಿದ್ದ ಎಲ್ಲ ಮಹಿಳೆಯರಿಗೂ 100 ಅಂಕ ಸೇರಿಸಿದರು, ಒಬ್ಬಳನ್ನು ಬಿಟ್ಟು. ಬಿಟ್ಟದ್ದು ಹಂಗೇರಿಯ ಸುಸಾನ್ ಪೋಲ್ಗಾರಳನ್ನು. ಅವಳು ಗಂಡಸರ ಜೊತೆ ಆಡುತ್ತಾಳೆ, ಅವಳ ಅಂಕ ಸರಿಯಾಗಿಯೇ ಇದೆ ಎಂಬುದು ಅವರ ವಾದ. ಹದಿನೇಳರ ಆ ಹುಡುಗಿ ಜಗತ್ತಿನ ಮಹಿಳಾ ಪಟ್ಟಿಯಲ್ಲಿ ಹಿಡಿದಿದ್ದ ಮೊದಲ ಸ್ಥಾನ ಒಂದು ಸಭೆಯ ನಿರ್ಣಯದಿಂದ ಕೈತಪ್ಪಿತು. ಪಟದ ಮೇಲೆ ಅವಳು ಯಾರಿಗೂ ಸೋತು ಅಲ್ಲ. ಅಧ್ಯಕ್ಷರು ಯಾರಾದರೇನು, ನಮ್ಮ ಮಗಳು ಚೆನ್ನಾಗಿ ಆಡಿದರೆ ಸಾಕು ಎನ್ನುವ ತಾಯಂದಿರು ಈ ಎರಡು ಪ್ರಕರಣಗಳನ್ನೂ ಒಟ್ಟಿಗೆ ನೆನೆಯಬೇಕು.

ಹಾಗಾದರೆ ದೊಡ್ಡ ಆಟಗಾರರನ್ನೇ ಅಧ್ಯಕ್ಷರನ್ನಾಗಿ ಮಾಡಿದರೆ ಎಲ್ಲ ಸರಿಹೋಗುತ್ತದೆಯೇ? ಮತ ಹಾಕುವ ಪ್ರತಿನಿಧಿಗಳಿಗೆ ಹಾಗನ್ನಿಸಿದಂತೆ ಕಾಣುವುದಿಲ್ಲ. 1995ರಿಂದ ರಷ್ಯಾದ ಕಲ್ಮೀಕಿಯಾ ಪ್ರಾಂತದ ಇಲ್ಯುಮ್ಜಿನೊವ್ ಅಧ್ಯಕ್ಷರಾಗಿದ್ದರು. 2010ರಲ್ಲಿ ಅವರ ಎದುರು ನಿಂತವರು ಮಾಜಿ ವಿಶ್ವ ಚಾಂಪಿಯನ್ ಕಾರ್ಪೊವ್; 95-55ರಲ್ಲಿ ಸೋತರು. 2014ರಲ್ಲಿ ಕಾಸ್ಪರೊವ್ ನಿಂತರು, 110-61ರಲ್ಲಿ ಸೋತರು. ಲೋಕವೇ ತಲೆಬಾಗಿದ ಆಟಗಾರರು ಸಭೆಯೊಳಗೆ ಸೋತದ್ದೇಕೆ? ಪುಟ್ಟ ದೇಶದ ಪ್ರತಿನಿಧಿ ನೋಡುವುದು ತನ್ನ ಊರಿಗೆ ಪಟಗಳು ಬರುತ್ತವೆಯೇ, ತರಬೇತುದಾರ ಬರುತ್ತಾನೆಯೇ, ತಂಡಕ್ಕೆ ಟಿಕೆಟ್ ಖರ್ಚು ಸಿಗುತ್ತದೆಯೇ ಎಂದು. ಕೊಡುವ ಕೈ ಅಧಿಕಾರದಲ್ಲಿರುವವರದು. ಅದನ್ನು ಆಸೆಬುರುಕತನ ಎಂದು ಹೀಗಳೆಯುವುದು ಸುಲಭ. ಇಲ್ಲದವರ ಕಷ್ಟ ಇದ್ದವರಿಗೆ ತಿಳಿಯುವುದಿಲ್ಲ. ಆದರೆ ಹೀಗೆ ಆರಿಸಿ ಬಂದ ಅಧ್ಯಕ್ಷರು ಎರಡು ದಶಕಕ್ಕೂ ಹೆಚ್ಚು ಕಾಲ ಆ ಕುರ್ಚಿ ಬಿಡಲಿಲ್ಲ. 2015ರಲ್ಲಿ ಅಮೆರಿಕ ಸರ್ಕಾರ ನಿರ್ಬಂಧ ಹೇರಿದ ಮೇಲೂ ಇದ್ದರು. 2018ರಲ್ಲಿ ದ್ವೊರ್ಕೊವಿಚ್ 103-78ರಲ್ಲಿ ಗೆದ್ದ ಮೇಲೆ ಆ ಅಧ್ಯಾಯ ಮುಗಿಯಿತು.

ಇಲ್ಲಿ ನಮ್ಮ ಊರಿನ ಮಾತು ಸ್ವಲ್ಪ ಹೇಳಬೇಕು. ಮುಂದಾಳನ್ನು ಆರಿಸುವುದು ಎಂದರೇನೆಂದು ಕೆ.ಜಿ.ಎಫ್.ನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಂಗಾರಪೇಟೆಯನ್ನು ಬೌರಿಂಗ್‌ಪೇಟೆ ಎಂದು ಕರೆಯುತ್ತಿದ್ದ ಕಾಲದಲ್ಲಿ, 1894ರಲ್ಲಿ, ಅಲ್ಲಿಂದ ಗಣಿಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಆದರೆ ಆಳಕ್ಕೆ ಇಳಿಯುವವನ ಮಾತು ಮೇಲಿನವರಿಗೆ ಕೇಳಿಸಲು ಬಹಳ ವರ್ಷ ಬೇಕಾಯಿತು. 1930ರ ಏಪ್ರಿಲ್‌ನಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ದಾಖಲು ಮಾಡುವ ಕ್ರಮ ಬಂದಾಗ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಕಾನೂನಿನ ಮನ್ನಣೆ ಪಡೆದ ಸಂಘಗಳು ಬಂದದ್ದು 1940ರ ದಶಕದಲ್ಲಿ. ಆ ಮೇಲೆ ಸಂಘಗಳ ಚುನಾವಣೆ ಬಂತೆಂದರೆ ಲೈನುಮನೆಗಳಲ್ಲಿ ಅದೇ ಮಾತು.

ನಮ್ಮ ತಂದೆ ಗಣಿಯ ಕಛೇರಿಯಲ್ಲಿ ಗುಮಾಸ್ತರು. ಸಂಘದ ಚುನಾವಣೆಯಲ್ಲಿ ಅವರಿಗೆ ಮತವಿತ್ತು, ನಮ್ಮ ಅಮ್ಮನಿಗೆ ಇರಲಿಲ್ಲ. ಆದರೆ ಮುಷ್ಕರವಾದರೆ ಅಕ್ಕಿ ಡಬ್ಬದ ತಳ ಮೊದಲು ಕಾಣುತ್ತಿದ್ದದ್ದು ಅಮ್ಮನಿಗೇ. ಪಕ್ಕದ ಸಾಲಿನಲ್ಲಿ ಯಾರ ಗಂಡನಾದರೂ ಒಳಗೆ ಪೆಟ್ಟುಮಾಡಿಕೊಂಡರೆ ಪರಿಹಾರಕ್ಕಾಗಿ ಸಂಘದ ಬಾಗಿಲಿಗೆ ಅಲೆಯುತ್ತಿದ್ದವರೂ ಹೆಂಗಸರೇ. ತಂದೆಯವರು ಊಟಕ್ಕೆ ಕೂತು ಇಂಥವರು ಒಳ್ಳೆಯ ಭಾಷಣಕಾರರು, ಇಂಥವರು ನಮ್ಮ ಭಾಷೆಯವರು ಎಂದು ಹೇಳುತ್ತಿದ್ದರೆ ಅಮ್ಮ ಬಡಿಸುತ್ತಾ ಒಂದೇ ಪ್ರಶ್ನೆ ಕೇಳುತ್ತಿದ್ದಳು: 'ಓಟಿಲ್ಲದವರು ಹೋದರೆ ಬಾಗಿಲು ತೆಗೀತಾರೇನ್ರೀ?' ತಂದೆಯವರು ನಕ್ಕುಬಿಡುತ್ತಿದ್ದರು. ಉತ್ತರ ಮಾತ್ರ ಯೋಚನೆ ಮಾಡಿಯೇ ಕೊಡುತ್ತಿದ್ದರು. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ಆ ಪ್ರಶ್ನೆ ನನಗೆ ಉಳಿದುಕೊಂಡಿತು.

ಯಾವ ಸಂಸ್ಥೆಯ ಚುನಾವಣೆಯಾಗಲಿ, ಮತ ಹಾಕುವವರು ಕೆಲವರು, ಫಲ ಉಣ್ಣುವವರು ಹಲವರು. ನಮ್ಮ ದೇಶದ ಚೆಸ್ ಸಂಸ್ಥೆಯನ್ನೇ ನೋಡಿ. 1951ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಚೆಸ್ ಫೆಡರೇಷನ್ನಿನ ಅಧ್ಯಕ್ಷ ಸ್ಥಾನಕ್ಕೆ 2021ರ ಜನವರಿಯಲ್ಲಿ ಚುನಾವಣೆ ನಡೆದಾಗ ಸಂಜಯ್ ಕಪೂರ್ ಅವರು ವೆಂಕಟರಾಮ ರಾಜಾ ಅವರನ್ನು 33-31ರಲ್ಲಿ ಸೋಲಿಸಿದರು. ಇಡೀ ದೇಶದಲ್ಲಿ ಬಿದ್ದ ಮತ ಅರವತ್ತನಾಲ್ಕು, ಪಟದಲ್ಲಿರುವ ಮನೆಗಳಷ್ಟೇ. ಎಲ್ಲವೂ ರಾಜ್ಯ ಸಂಸ್ಥೆಗಳ ಪ್ರತಿನಿಧಿಗಳದು. ಕಾರ್ಯದರ್ಶಿ ಭರತ್ ಸಿಂಗ್ ಚೌಹಾಣ್ ಪುನಃ ಆರಿಸಿ ಬಂದದ್ದು 35 ಮತಗಳಿಂದ. ಅಧಿಕಾರದಲ್ಲಿದ್ದವರು ಮತ್ತೆ ಆರಿಸಿ ಬರಲು ಮೂರನೇ ಎರಡು ಭಾಗ ಮತ ಬೇಕೆಂಬ ಕ್ರೀಡಾ ಸಂಹಿತೆಯ ನಿಯಮದಂತೆ ಅದು ಸಾಲದೆಂದು ದೆಹಲಿ ಹೈಕೋರ್ಟ್ 2022ರ ಜೂನ್‌ನಲ್ಲಿ ಆ ಆಯ್ಕೆಯನ್ನು ತಳ್ಳಿಹಾಕಿತು. ಒಲಿಂಪಿಯಾಡ್ ಬಾಗಿಲಲ್ಲಿ ನಿಂತಿತ್ತಾದ್ದರಿಂದ ಸುಪ್ರೀಂ ಕೋರ್ಟ್ ಅವರನ್ನು ಆಗಸ್ಟ್ 15ರವರೆಗೆ ಮುಂದುವರಿಯಲು ಬಿಟ್ಟಿತು. ಇವೆಲ್ಲ ನಡೆಯುವಾಗ ದಿನಕ್ಕೆ ಎಂಟು ಗಂಟೆ ಪಟದ ಮುಂದೆ ಕೂರುವ ಹುಡುಗ ಹುಡುಗಿಯರನ್ನು ಯಾರೂ ಏನೂ ಕೇಳಬೇಕಾದ ಅಗತ್ಯವೇ ಇರಲಿಲ್ಲ.

ಈಗ ಚೆನ್ನೈಗೆ ಮರಳೋಣ. ದ್ವೊರ್ಕೊವಿಚ್ ಪರವಾಗಿ ಹೇಳಬೇಕಾದ್ದು ಬಹಳವಿತ್ತು. ಅವರ ಕಾಲದಲ್ಲಿ ಆಟಕ್ಕೆ ಹಣ ಬಂತು. 2022ನ್ನು ಫಿಡೆ 'ಚೆಸ್‌ನಲ್ಲಿ ಮಹಿಳಾ ವರ್ಷ' ಎಂದು ಸಾರಿತು. ಯುದ್ಧ ಶುರುವಾದೊಡನೆ ಒಲಿಂಪಿಯಾಡನ್ನು ತಮ್ಮ ದೇಶದಿಂದಲೇ ತೆಗೆದರು. ಯುದ್ಧವನ್ನು ಕೊಂಡಾಡಿದ ರಷ್ಯಾದ ಆಟಗಾರ ಕರ್ಯಾಕಿನ್‌ಗೆ ಸಂಸ್ಥೆಯ ಶಿಸ್ತುಸಮಿತಿ ಆರು ತಿಂಗಳ ನಿಷೇಧ ವಿಧಿಸಿತು. ಜೊತೆಗೆ ಆನಂದ್ ನಿಂತಿದ್ದರು. ನಮ್ಮ ಫೆಡರೇಷನ್ ಆ ಜೋಡಿಯನ್ನು ಬೆಂಬಲಿಸಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಎದುರು ವಾದವೂ ಹಗುರವಾಗಿರಲಿಲ್ಲ. ದ್ವೊರ್ಕೊವಿಚ್ 2012ರಿಂದ 2018ರವರೆಗೆ ರಷ್ಯಾ ಸರ್ಕಾರದಲ್ಲಿ ಉಪಪ್ರಧಾನಿಯಾಗಿದ್ದವರು. ಒಂದು ದೇಶ ಇನ್ನೊಂದರ ಮೇಲೆ ಬಾಂಬು ಹಾಕುತ್ತಿರುವಾಗ, ಹಾಕುವ ದೇಶದ ಮಾಜಿ ಮಂತ್ರಿಯ ಕೈಯಲ್ಲಿ ಎಲ್ಲ ದೇಶಗಳ ಸಂಸ್ಥೆ ಇರಬಹುದೇ? ಒಂದೇ ಕುಲ ಎಂಬ ಮಾತಿಗೆ ಆಗ ಏನರ್ಥ? ಬರಿಷ್ಪೊಲೆಟ್ಸ್ ಎತ್ತಿದ್ದು ಈ ಪ್ರಶ್ನೆ. ಅದೇ ದಿನಗಳಲ್ಲಿ ಮಾಮಲ್ಲಪುರದಲ್ಲಿ ಉಕ್ರೇನಿನ ಹೆಣ್ಣುಮಕ್ಕಳು ಪಟದ ಮುಂದೆ ಕೂತಿದ್ದರು, ಮನೆಯವರ ಕ್ಷೇಮದ ಚಿಂತೆಯನ್ನು ಎದೆಯಲ್ಲಿಟ್ಟುಕೊಂಡು. ನಮ್ಮ ಸ್ಟಾಫ್ ರೂಮಿನಲ್ಲಿ ಚರಿತ್ರೆ ಪಾಠ ಮಾಡುವ ನಾನು ಈ ಮಾತು ಎತ್ತಿದಾಗ ಗಣಿತದ ಮೇಡಂ ಹೇಳಿದರು, 'ಅವರು ಗೆಲ್ಲೋದಿಲ್ಲ ಅಂತ ಗೊತ್ತಿದ್ದೂ ಮತ ಯಾಕೆ ಹಾಳು ಮಾಡಬೇಕು ಮೇಡಂ? ಗೆಲ್ಲೋರ ಜೊತೆ ಇದ್ದರೆ ನಮ್ಮ ಮಕ್ಕಳಿಗೆ ನಾಲ್ಕು ಅನುಕೂಲ ಆಗುತ್ತೆ.' ತೂಕವಿರುವ ಮಾತೇ. ತುಂಬ ದೇಶಗಳ ಪ್ರತಿನಿಧಿಗಳ ಮನಸ್ಸಿನಲ್ಲಿ ಇದ್ದದ್ದೂ ಅದೇ ಇರಬಹುದು. ಫಲಿತಾಂಶ ಬಂದಾಗ ದ್ವೊರ್ಕೊವಿಚ್‌ಗೆ 157, ಬರಿಷ್ಪೊಲೆಟ್ಸ್‌ಗೆ 16.

ನನಗೆ ಮತವಿದ್ದಿದ್ದರೆ ಆ ಹದಿನಾರರ ಜೊತೆ ಹದಿನೇಳನೆಯದು ನನ್ನದಾಗಿರುತ್ತಿತ್ತು. ಆನಂದರ ಮೇಲಿನ ಅಭಿಮಾನ ಅದರಿಂದ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಒಂದೇ ಚೀಟಿಯಲ್ಲಿ ಇಬ್ಬರ ಹೆಸರಿರುವಾಗ ಉಪಾಧ್ಯಕ್ಷರನ್ನು ನೋಡಿ ಅಧ್ಯಕ್ಷರಿಗೆ ಮತ ಕೊಡುವುದು ಸರಿಯಲ್ಲ ಎಂಬುದಷ್ಟೇ ನನ್ನ ವಾದ. ಹುಡುಗಿಯ ಅಣ್ಣ ಒಳ್ಳೆಯವನೆಂದು ಅವಳನ್ನು ಬೇರೊಂದು ಮನೆಗೆ ಕೊಟ್ಟಂತೆ ಆಗುತ್ತದೆ. ಒಂದು ಪಕ್ಷ ಬೆಂಬಲಿಸಲೇಬೇಕಾಗಿದ್ದರೆ, ಆತಿಥ್ಯ ವಹಿಸಿದ ದೊಡ್ಡ ದೇಶವಾದ ಭಾರತ ಮೊದಲೇ ನಾಲ್ಕು ಜನರೆದುರು ಷರತ್ತು ಕೇಳಬಹುದಿತ್ತು. ಎರಡು ಅವಧಿಯ ಮೇಲೆ ನಿಲ್ಲುವುದಿಲ್ಲವೆಂದು ಮಾತು ಕೊಡಿ, ಯಾವುದೇ ಸರ್ಕಾರದ ನೆರಳು ಸಂಸ್ಥೆಯ ಮೇಲೆ ಬೀಳದಂತೆ ನೋಡಿಕೊಳ್ಳಿ, ಆಟಗಾರರಿಗೂ ಸಭೆಯಲ್ಲಿ ಮಾತಿರಲಿ ಎಂದು. ಪುಟ್ಟ ದೇಶಗಳು ಕೇಳಲು ಅಂಜಬಹುದು. ಕೇಳುವ ಶಕ್ತಿ ಇದ್ದವರೂ ಕೇಳದಿದ್ದರೆ ಇನ್ನು ಕೇಳುವವರು ಯಾರು?

ಆಮೇಲೆ ನಡೆದದ್ದನ್ನೂ ಹೇಳಿಬಿಡುತ್ತೇನೆ. ಅಧ್ಯಕ್ಷರು ಎರಡು ಅವಧಿಗಿಂತ ಹೆಚ್ಚು ಇರಬಾರದೆಂಬ ನಿಯಮ ದ್ವೊರ್ಕೊವಿಚ್ ಕಾಲದಲ್ಲೇ ಬಂದಿತ್ತು. ಹಿಂದಿನವರು ಕುರ್ಚಿಗೆ ಅಂಟಿಕೊಂಡದ್ದನ್ನು ನೋಡಿ ಬೇಸತ್ತವರಿಗೆ ಅದು ಸಮಾಧಾನ ತಂದಿತ್ತು. 2023ರ ಡಿಸೆಂಬರ್‌ನಲ್ಲಿ ಸದಸ್ಯ ದೇಶಗಳ ಸಭೆ ಆ ನಿಯಮವನ್ನೇ ತೆಗೆದುಹಾಕಿತು. ಎಲ್ಲವೂ ಕಾನೂನುಬದ್ಧವಾಗಿ, ಮತದಿಂದಲೇ ನಡೆಯಿತು. ಏನೂ ಕೇಳದೆ ಕೊಟ್ಟ ಬೆಂಬಲ ಮುಂದೆ ಯಾವ ದಾರಿ ಹಿಡಿಯುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಪಟದ ಮೇಲಿನ ಕಥೆ ಬೇರೆಯೇ ಆಯಿತು. ಚುನಾವಣೆಯಾದ ಎರಡು ದಿನಕ್ಕೆ, ಆಗಸ್ಟ್ 9ರಂದು, ಒಲಿಂಪಿಯಾಡಿನ ಕೊನೆಯ ಸುತ್ತು ಮುಗಿದಾಗ ಮಹಿಳಾ ವಿಭಾಗದ ಚಿನ್ನ ಉಕ್ರೇನಿಗೆ ಹೋಯಿತು. ಕಂಚು ನಮ್ಮ ಹುಡುಗಿಯರದು: ಹಂಪಿ, ಹಾರಿಕಾ, ವೈಶಾಲಿ, ತಾನಿಯಾ, ಭಕ್ತಿ. ಎದುರುಬದುರು ಕೂತು ಆಡುವ ಒಲಿಂಪಿಯಾಡಿನ ಮಹಿಳಾ ವಿಭಾಗದಲ್ಲಿ ಭಾರತಕ್ಕೆ ಅದೇ ಮೊದಲ ಪದಕ. ಹಾರಿಕಾ ಆಗ ತುಂಬು ಬಸುರಿ. ಆ ತಿಂಗಳೇ ಅವರಿಗೆ ಹೆರಿಗೆಯಾಯಿತು. ಎರಡು ವರ್ಷದ ಮೇಲೆ, 2024ರಲ್ಲಿ, ಬುಡಾಪೆಸ್ಟಿನಲ್ಲಿ ಭಾರತದ ಮಹಿಳೆಯರು ಚಿನ್ನವನ್ನೇ ಗೆದ್ದರು. ಆ ತಂಡದಲ್ಲೂ ಹಾರಿಕಾ ಇದ್ದರು. ಈ ಹೆಣ್ಣುಮಕ್ಕಳಲ್ಲಿ ಯಾರೂ ಆಟಗಾರ್ತಿಯಾಗಿ ಆ ಚುನಾವಣೆಯಲ್ಲಿ ಮತ ಹಾಕುವಂತಿರಲಿಲ್ಲ, ಉಕ್ರೇನಿನವರೂ ಅಷ್ಟೇ, ನಮ್ಮವರೂ ಅಷ್ಟೇ. ಆದರೆ ಅವರು ಎಲ್ಲಿ ಆಡಬೇಕು, ಯಾರ ಜೊತೆ ಆಡಬೇಕು, ಗೆದ್ದರೆ ಎಷ್ಟು ಬಹುಮಾನ, ಅನ್ಯಾಯವಾದರೆ ಯಾರಿಗೆ ದೂರು ಎಂಬುದನ್ನೆಲ್ಲ ನಿರ್ಧರಿಸುವವರು ಅಲ್ಲಿ ಗೆದ್ದವರೇ.

ಇದು ಎಲ್ಲಿಯೋ ದೂರದ ಮಾತೆಂದು ಬಿಡಬೇಡಿ. ನಿಮ್ಮ ಊರಿನ ಮಹಿಳಾ ಸಮಾಜಕ್ಕೆ, ಪತ್ತಿನ ಸಹಕಾರ ಸಂಘಕ್ಕೆ, ಮಗುವಿನ ಶಾಲೆಯ ಸಮಿತಿಗೆ ಇದೇ ಕ್ರಮದಲ್ಲಿ ಚುನಾವಣೆ ನಡೆಯುತ್ತದೆ. ಕೈಮುಗಿದು ಬಂದವರು ನಮ್ಮ ಬೀದಿಯವರೋ, ನಮ್ಮ ಜನವೋ, ಹೆಸರಾಂತರೋ ಎಂದು ನೋಡಿ ತಲೆಯಾಡಿಸುವುದು ಸುಲಭ. ಅದರ ಬದಲು ಮೂರು ಮಾತು ಕೇಳಿ ನೋಡಿ. ಸಂಘದ ಸದಸ್ಯರಲ್ಲದ, ಆದರೆ ಸಂಘದಿಂದ ಸುಖದುಃಖ ಅನುಭವಿಸುವವರಿಗೆ ಇವರು ಇದುವರೆಗೆ ಏನು ಮಾಡಿದ್ದಾರೆ? ಲೆಕ್ಕಪತ್ರವನ್ನು ಕೇಳದೆಯೇ ತೋರಿಸುತ್ತಾರೆಯೇ? ಅವಧಿ ಮುಗಿದ ದಿನ ಬೀಗದ ಕೈ ಒಪ್ಪಿಸುತ್ತಾರೆಯೇ? ಕೇಳಿದ್ದಕ್ಕೆ ಅವರ ಮುಖ ಸಣ್ಣದಾದರೆ ಆಗಲಿ. ಮತ ಕೊಡುವ ಮುನ್ನ ಕೇಳುವುದು ಒರಟುತನವಲ್ಲ. ಕೊಟ್ಟ ಮೇಲೆ ಕೇಳಿದರೆ ನಿಂತು ಉತ್ತರ ಹೇಳುವವರು ಕಡಿಮೆ.